ಒಂದೇ ಪ್ರಿಂಟರ್, ಹಲವು ಕಂಪ್ಯೂಟರ್: ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಿಂದಲೂ ಪ್ರಿಂಟ್ ತೆಗೆಯುವ ಸಮಗ್ರ ಮಾರ್ಗದರ್ಶಿ

ಮೈಸೂರಿನ ಸರಸ್ವತಿಪುರಂ, ಕುವೆಂಪುನಗರದ ಕಡೆ ಮನೆಯಲ್ಲೇ ಕಚೇರಿ ಇಟ್ಟುಕೊಂಡಿರುವ ಆಡಿಟರ್‌ಗಳು, ವಕೀಲರು, ಟ್ಯೂಷನ್ ಮೇಷ್ಟ್ರುಗಳು ತುಂಬ ಜನ. ಹೊರಗಿನ ರೂಮಿನಲ್ಲಿ ಟ್ಯಾಲಿ ಇರುವ ವಿಂಡೋಸ್ ಕಂಪ್ಯೂಟರ್. ಎಂಜಿನಿಯರಿಂಗ್ ಓದುವ ಮಗನ ಲ್ಯಾಪ್‌ಟಾಪಿನಲ್ಲಿ ಉಬುಂಟು ಎಂಬ ಲಿನಕ್ಸ್. ಡಿಸೈನ್ ಕೆಲಸ ಮಾಡುವ ಮಗಳ ಹತ್ತಿರ ಮ್ಯಾಕ್. ಎಲ್ಲರ ಕೈಯಲ್ಲೂ ಫೋನ್. ಪ್ರಿಂಟರ್ ಮಾತ್ರ ಒಂದೇ. ಅದೂ ವಿಂಡೋಸ್ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್‌ನಲ್ಲಿ ಅಂಟಿಕೊಂಡಿರುತ್ತದೆ. ಉಳಿದವರು ಫೈಲನ್ನು ವಾಟ್ಸಾಪ್‌ನಲ್ಲಿ ಕಳಿಸಿ ಆ ಕಂಪ್ಯೂಟರ್ ಖಾಲಿಯಾಗುವುದನ್ನೇ ಕಾಯುತ್ತಾರೆ. ಇಲ್ಲವೇ ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ.

ಇಷ್ಟೆಲ್ಲ ಪಾಡು ಬೇಕಿಲ್ಲ. ಈಗ ಮನೆಯಲ್ಲಿರುವ ಪ್ರಿಂಟರ್‌ನಿಂದಲೇ ಬಹುಪಾಲು ಎಲ್ಲರೂ ಪ್ರಿಂಟ್ ತೆಗೆಯಬಹುದು. ನಾನು ಹೇಳುವುದು ಒಂದೇ: ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಡ್ರೈವರ್ (ಪ್ರಿಂಟರ್ ಜೊತೆ ಮಾತಾಡಲು ಕಂಪ್ಯೂಟರಿಗೆ ಹಾಕುವ ತಂತ್ರಾಂಶ) ಹುಡುಕುತ್ತಾ ಕೂರಬೇಡಿ. ಪ್ರಿಂಟರನ್ನು ನೆಟ್‌ವರ್ಕಿಗೆ ತನ್ನಿ, ಅದಕ್ಕೆ ಬದಲಾಗದ ಒಂದು ವಿಳಾಸ ಕೊಡಿ, ಎಲ್ಲ ಕಂಪ್ಯೂಟರುಗಳಿಗೂ ಅರ್ಥವಾಗುವ ಒಂದೇ ದಾರಿಯಲ್ಲಿ ಅದಕ್ಕೆ ಕೆಲಸ ಕಳಿಸಿ. ಆ ದಾರಿಯ ಹೆಸರು ಐಪಿಪಿ, ಅಂದರೆ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೋಕಾಲ್.

ಮೊದಲು ನಿಮ್ಮ ಪ್ರಿಂಟರ್ ಯಾವ ಜಾತಿಯದು ನೋಡಿ

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಮುಂದಿನ ಎಲ್ಲ ಹೆಜ್ಜೆಯೂ ಇದರ ಮೇಲೆ ನಿಂತಿದೆ.

ಕೆಲವು ಪ್ರಿಂಟರ್‌ಗಳಿಗೆ ಸ್ವಂತ ಬುದ್ಧಿ ಇರುತ್ತದೆ. ಕಂಪ್ಯೂಟರ್ ಪುಟವನ್ನು ಎಲ್ಲರಿಗೂ ಗೊತ್ತಿರುವ ಒಂದು ಭಾಷೆಯಲ್ಲಿ ಕಳಿಸಿದರೆ ಸಾಕು, ಉಳಿದದ್ದನ್ನು ಅವು ನೋಡಿಕೊಳ್ಳುತ್ತವೆ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಅಂಥ ಹಳೆಯ ಭಾಷೆಗಳು. ಹೊಸ ಪ್ರಿಂಟರ್‌ಗಳಿಗೆ ಪಿಡಿಎಫ್ ಅಥವಾ ರಾಸ್ಟರ್ ಚಿತ್ರವೇ (ಚುಕ್ಕಿಗಳಿಂದಾದ ಪುಟದ ಚಿತ್ರ) ನೇರವಾಗಿ ಸಾಕಾಗುತ್ತದೆ. ಇನ್ನು ಕೆಲವಕ್ಕೆ ಬುದ್ಧಿ ಕಮ್ಮಿ. ಪುಟದ ಲೆಕ್ಕವನ್ನೆಲ್ಲ ಕಂಪ್ಯೂಟರೇ ಮಾಡಿ, ಆ ಕಂಪನಿಯದ್ದೇ ಆದ ಗುಟ್ಟಿನ ಭಾಷೆಯಲ್ಲಿ ಕಳಿಸಬೇಕು. ನಮ್ಮ ಊರಿನ ಅಂಗಡಿ, ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900, ಎಚ್‌ಪಿ ಲೇಸರ್‌ಜೆಟ್ 1020, ಪಿ1007 ಎಲ್ಲ ಈ ಎರಡನೇ ಗುಂಪಿನವು. ಕೆಟ್ಟ ಪ್ರಿಂಟರ್‌ಗಳೇನಲ್ಲ, ವರ್ಷಗಟ್ಟಲೆ ದುಡಿಯುತ್ತವೆ. ಆದರೆ ಡ್ರೈವರ್ ಇಲ್ಲದೆ ಒಂದಕ್ಷರವನ್ನೂ ಹಾಕುವುದಿಲ್ಲ.

ಪ್ರಿಂಟರಿನ ಬಾಕ್ಸ್ ಅಥವಾ ಕಂಪನಿಯ ವೆಬ್‌ಸೈಟ್‌ನಲ್ಲಿ ಮಾಡೆಲ್ ನಂಬರ್ ಹಾಕಿ ಎರಡು ಹೆಸರು ಹುಡುಕಿ: ಏರ್‌ಪ್ರಿಂಟ್ ಮತ್ತು ಮೋಪ್ರಿಯಾ. ಏರ್‌ಪ್ರಿಂಟ್ ಅನ್ನು ಆಪಲ್ 2010ರಲ್ಲಿ ಐಫೋನ್‌ಗಾಗಿ ತಂದಿತು. ಮೋಪ್ರಿಯಾ ಒಕ್ಕೂಟವನ್ನು 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಕಂಪನಿಗಳು ಸೇರಿ ಕಟ್ಟಿದವು. ಎರಡೂ ಐಪಿಪಿ ಮೇಲೆಯೇ ನಡೆಯುತ್ತವೆ. ಹಾಗಾಗಿ ಇವೆರಡರಲ್ಲಿ ಒಂದು ಇದ್ದರೂ ಸಾಮಾನ್ಯವಾಗಿ ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಯಾವುದಕ್ಕೂ ಬೇರೆ ಡ್ರೈವರ್ ಬೇಡ. ಒಂದು ಎಚ್ಚರಿಕೆ: ವೈಫೈ ಇದೆ ಅಂದ ಮಾತ್ರಕ್ಕೆ ಏರ್‌ಪ್ರಿಂಟ್ ಇರಬೇಕೆಂದೇನೂ ಇಲ್ಲ. ಕಡಿಮೆ ಬೆಲೆಯ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳುವಾಗ ಅಂಗಡಿಯವರನ್ನು ಇದೊಂದನ್ನು ಬಾಯಿಬಿಟ್ಟು ಕೇಳಿ. ಬಾಕ್ಸ್ ಮೇಲೆ ಬರೆದಿರುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಖಾಯಂ ವಿಳಾಸ ಕೊಡಿ

"ನಿನ್ನೆ ಚೆನ್ನಾಗಿತ್ತು, ಇವತ್ತು ಆಫ್‌ಲೈನ್ ಅಂತಿದೆ." ಈ ದೂರಿಗೆ ಹೆಚ್ಚಿನ ಸಲ ಕಾರಣ ಒಂದೇ. ಕರೆಂಟ್ ಹೋಗಿ ಬಂದಾಗ ರೌಟರ್ ಪ್ರಿಂಟರಿಗೆ ಹೊಸ ಐಪಿ ವಿಳಾಸ ಕೊಟ್ಟಿರುತ್ತದೆ. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕಾಗದ ಕಳಿಸುತ್ತಾ ಕೂತಿರುತ್ತದೆ. ಪ್ರಿಂಟರಿಗೂ ಏನೂ ಆಗಿಲ್ಲ, ಡ್ರೈವರಿಗೂ ಏನೂ ಆಗಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕಿದರೆ ಸರಿಹೋದಂತೆ ಕಾಣುತ್ತದೆ. ಯಾಕೆಂದರೆ ಆಗ ಕಂಪ್ಯೂಟರ್ ಹೊಸ ವಿಳಾಸ ಹುಡುಕಿಕೊಳ್ಳುತ್ತದೆ, ಅಷ್ಟೇ.

ಮೊದಲು ಪ್ರಿಂಟರನ್ನು ವೈಫೈಗೆ ಸೇರಿಸಿ. ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇದ್ದರೆ ಇನ್ನೂ ಒಳ್ಳೆಯದು, ಕೇಬಲನ್ನೇ ಹಾಕಿ. ಮನೆಯ ಪ್ರಿಂಟರ್‌ಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ನಿಮ್ಮ ಫೈಬರ್ ರೌಟರ್ 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ತೋರಿಸುತ್ತಿದ್ದರೆ ಪ್ರಿಂಟರನ್ನು 2.4ಕ್ಕೆ ಹಾಕಿ. ಫೋನು, ಲ್ಯಾಪ್‌ಟಾಪ್ 5ರಲ್ಲೇ ಇರಲಿ. ರೌಟರ್ ಒಂದೇ ಆದ್ದರಿಂದ ಪರಸ್ಪರ ಸಿಗುತ್ತವೆ. ಗೆಸ್ಟ್ ವೈಫೈಗೆ ಮಾತ್ರ ಹಾಕಬೇಡಿ. ಅಲ್ಲಿ ಒಂದು ಸಾಧನ ಇನ್ನೊಂದಕ್ಕೆ ಕಾಣದಂತೆ ತಡೆ ಇರುತ್ತದೆ.

ಆಮೇಲೆ ಪ್ರಿಂಟರಿನಿಂದಲೇ ನೆಟ್‌ವರ್ಕ್ ಮಾಹಿತಿಯ ಹಾಳೆ ತೆಗೆಯಿರಿ. ಹೆಚ್ಚಿನ ಪ್ರಿಂಟರ್‌ಗಳಲ್ಲಿ ವೈಫೈ ಅಥವಾ ಮಾಹಿತಿಯ ಬಟನ್ ಒತ್ತಿ ಹಿಡಿದರೆ ಬರುತ್ತದೆ. ಡಿಸ್‌ಪ್ಲೇ ಇದ್ದರೆ ನೆಟ್‌ವರ್ಕ್ ಮೆನುವಿನಲ್ಲಿ ಸಿಗುತ್ತದೆ. ಅದರಲ್ಲಿ ಐಪಿ ವಿಳಾಸ, ಮ್ಯಾಕ್ ಅಡ್ರೆಸ್ ಎರಡೂ ಇರುತ್ತವೆ. ಈ ಮ್ಯಾಕ್ ಅಡ್ರೆಸ್ಸಿಗೂ ಆಪಲ್ ಮ್ಯಾಕ್‌ಗೂ ಸಂಬಂಧವಿಲ್ಲ. ಅದು ಪ್ರಿಂಟರಿನ ನೆಟ್‌ವರ್ಕ್ ಚಿಪ್‌ನ ನಂಬರ್. ಈಗ ಬ್ರೌಸರಿನಲ್ಲಿ ರೌಟರಿನ ಪುಟ ತೆರೆಯಿರಿ. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1. ಅಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ವಿಭಾಗಕ್ಕೆ ಹೋಗಿ ಅಡ್ರೆಸ್ ರಿಸರ್ವೇಶನ್ ಹುಡುಕಿ. ಪ್ರಿಂಟರಿನ ಮ್ಯಾಕ್ ಅಡ್ರೆಸ್ ಹಾಕಿ, 192.168.1.50 ಥರದ ಒಂದು ವಿಳಾಸ ಗೊತ್ತುಮಾಡಿ ಸೇವ್ ಮಾಡಿ. ರೌಟರ್, ಪ್ರಿಂಟರ್ ಎರಡನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಬ್ರೌಸರಿನಲ್ಲಿ ಆ ಹೊಸ ವಿಳಾಸ ಹಾಕಿದಾಗ ಪ್ರಿಂಟರಿನ ಸ್ವಂತ ಪುಟ ಕಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಯುಪಿಎಸ್ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ರೌಟರನ್ನು ಯುಪಿಎಸ್‌ಗೆ ಹಾಕಿ, ಒಳ್ಳೆಯದು. ಲೇಸರ್ ಪ್ರಿಂಟರನ್ನು ಹಾಕಬೇಡಿ. ಟೋನರನ್ನು ಕಾಗದಕ್ಕೆ ಅಂಟಿಸುವ ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಮನೆಯ ಸಣ್ಣ ಯುಪಿಎಸ್ ಅದನ್ನು ತಾಳುವುದಿಲ್ಲ.

ವಿಂಡೋಸ್‌ನಲ್ಲಿ

ಸೆಟ್ಟಿಂಗ್ಸ್ ತೆರೆದು ಬ್ಲೂಟೂತ್ ಆಂಡ್ ಡಿವೈಸಸ್, ಅದರೊಳಗೆ ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್‌ಗೆ ಹೋಗಿ. ಆಡ್ ಡಿವೈಸ್ ಒತ್ತಿದರೆ ಪ್ರಿಂಟರ್ ತಾನಾಗಿಯೇ ಕಾಣಬಹುದು. ಕಂಡರೂ ನಾನು ಅದನ್ನು ಆರಿಸುವುದಿಲ್ಲ. ಹಾಗೆ ಸೇರಿಸಿದಾಗ ವಿಂಡೋಸ್ ಎಷ್ಟೋ ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟ್, ಅಂದರೆ ಪ್ರಿಂಟರಿಗೆ ಕೆಲಸ ಕಳಿಸುವ ದಾರಿ, ಹಾಕುತ್ತದೆ. ಕಾರಣವಿಲ್ಲದೆ ಆಫ್‌ಲೈನ್ ಆಗುವ ಕಾಟ ಅದರಲ್ಲಿ ಜಾಸ್ತಿ. ಸ್ವಲ್ಪ ಕಾದರೆ ಆಡ್ ಮ್ಯಾನ್ಯುಅಲಿ ಅಥವಾ ಆಡ್ ಎ ನ್ಯೂ ಡಿವೈಸ್ ಮ್ಯಾನ್ಯುಅಲಿ ಎಂಬ ಸಾಲು ಬರುತ್ತದೆ. ಅದನ್ನು ಒತ್ತಿ, ಐಪಿ ವಿಳಾಸದಿಂದ ಪ್ರಿಂಟರ್ ಸೇರಿಸುವ ಆಯ್ಕೆ ತೆಗೆದುಕೊಳ್ಳಿ. ವಿಂಡೋಸ್ 11ರಲ್ಲಿ ಡಿವೈಸ್ ಟೈಪ್ ಕೇಳಿದಾಗ ಐಪಿಪಿ ಡಿವೈಸ್ ಆರಿಸಿ, ನಾವು ಗೊತ್ತುಮಾಡಿದ ವಿಳಾಸ ಹಾಕಿ. ಐಪಿಪಿ ಗೊತ್ತಿಲ್ಲದ ಪ್ರಿಂಟರ್ ಆದರೆ ಟಿಸಿಪಿ/ಐಪಿ ಡಿವೈಸ್ ಆರಿಸಿ, ಕಂಪನಿಯ ಡ್ರೈವರ್ ಹಾಕಿಕೊಳ್ಳಿ.

ಸೇರಿಸಿದ ಮೇಲೆ ಎರಡು ಕೆಲಸ ಇವೆ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನಿರ್ಧರಿಸಲಿ ಎಂಬ ಸ್ವಿಚ್ ಆಫ್ ಮಾಡಿ. ಇಲ್ಲದಿದ್ದರೆ ಒಮ್ಮೆ ಪಿಡಿಎಫ್‌ಗೆ ಪ್ರಿಂಟ್ ಕೊಟ್ಟರೆ ಸಾಕು, ಮುಂದಿನ ಸಲ ಟ್ಯಾಲಿ ಬಿಲ್ ಕಾಗದಕ್ಕೆ ಬರದೆ ಫೈಲ್ ಆಗಿ ಕೂರುತ್ತದೆ. ಟಿಸಿಪಿ/ಐಪಿ ಪೋರ್ಟ್ ಹಾಕಿದ್ದರೆ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್, ಅಲ್ಲಿ ಕಾನ್ಫಿಗರ್ ಪೋರ್ಟ್ ತೆರೆದು ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಟಿಕ್ ತೆಗೆಯಿರಿ. ಪ್ರಿಂಟರ್ ಆನ್ ಇದ್ದರೂ ಆಫ್‌ಲೈನ್ ಎಂದು ತೋರಿಸುವ ತೊಂದರೆ ಇದರಿಂದ ಎಷ್ಟೋ ಕಡೆ ನಿಂತಿದೆ.

ಐಪಿಪಿಯನ್ನೇ ಹಿಡಿಯಿರಿ ಎಂದು ಒತ್ತಿ ಹೇಳಲು ಇನ್ನೊಂದು ಕಾರಣ ಇದೆ. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಹೇಳಿತು. ಜೊತೆಗೆ ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಇರುವ ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಕಾಲದ ಹಳೆಯ ಡ್ರೈವರ್ ನಡೆಯುವುದಿಲ್ಲ. ಐಪಿಪಿ ಮಾತ್ರ ಅಲ್ಲೂ ನಡೆಯುತ್ತದೆ.

ಮ್ಯಾಕ್ ಮತ್ತು ಲಿನಕ್ಸ್

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ. ಒಳಗೆ ಎರಡರಲ್ಲೂ ಕೆಲಸ ಮಾಡುವುದು ಕಪ್ಸ್ ಎಂಬ ಒಂದೇ ತಂತ್ರಾಂಶ. ಮೈಕೆಲ್ ಸ್ವೀಟ್ 1997ರಲ್ಲಿ ಇದನ್ನು ಬರೆಯಲು ಶುರುಮಾಡಿದರು. 2002ರಲ್ಲಿ ಆಪಲ್ ತನ್ನ ಮ್ಯಾಕ್ ಓಎಸ್ 10.2ರಲ್ಲಿ ಇದನ್ನು ಸೇರಿಸಿತು. 2007ರಲ್ಲಿ ಸ್ವೀಟ್ ಅವರನ್ನು ಕೆಲಸಕ್ಕೆ ತೆಗೆದುಕೊಂಡು ಕೋಡ್‌ನ ಹಕ್ಕನ್ನೂ ಕೊಂಡುಕೊಂಡಿತು. ಲಿನಕ್ಸ್‌ನಲ್ಲೂ ಅದು ಮುಕ್ತವಾಗಿಯೇ ಉಳಿದಿದೆ.

ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್, ಆಡ್ ಪ್ರಿಂಟರ್. ಪಟ್ಟಿಯಲ್ಲಿ ಪ್ರಿಂಟರ್ ಕಂಡರೆ ಅದನ್ನು ಒತ್ತಿ. ಕೆಳಗೆ ಯೂಸ್ ಎಂಬಲ್ಲಿ ಏರ್‌ಪ್ರಿಂಟ್ ಎಂದು ಬಂದಿದೆಯೇ ನೋಡಿ, ಆಡ್ ಮಾಡಿ. ಕಾಣದಿದ್ದರೆ ಗ್ಲೋಬ್ ಗುರುತಿನ ಐಪಿ ಟ್ಯಾಬ್‌ಗೆ ಹೋಗಿ ವಿಳಾಸ ಹಾಕಿ, ಪ್ರೋಟೋಕಾಲ್‌ನಲ್ಲಿ ಏರ್‌ಪ್ರಿಂಟ್ ಅಥವಾ ಐಪಿಪಿ ಆರಿಸಿ.

ಉಬುಂಟುವಿನಲ್ಲಿ ಸೆಟ್ಟಿಂಗ್ಸ್ ತೆರೆದು ಪ್ರಿಂಟರ್ಸ್‌ಗೆ ಹೋದರೆ ಐಪಿಪಿ ಪ್ರಿಂಟರ್ ಹೆಚ್ಚಾಗಿ ಆಗಲೇ ಅಲ್ಲಿ ಕೂತಿರುತ್ತದೆ. ಡ್ರೈವರ್ ಬೇಕಾಗುವ ಪ್ರಿಂಟರ್‌ಗಳಿಗೆ ಮಾತ್ರ ಕೈ ಹಾಕಬೇಕು. ಎಚ್‌ಪಿಗೆ ಎಚ್‌ಪಿಲಿಪ್ ಎಂಬ ಪ್ಯಾಕೇಜ್ ಇದೆ. 1020, ಪಿ1007, ಪಿ1008ರಂಥವಕ್ಕೆ ಅದರ ಜೊತೆ ಎಚ್‌ಪಿ ಪ್ಲಗಿನ್ ಕೂಡ ಹಾಕಲೇಬೇಕು. ಇವುಗಳನ್ನು ನಡೆಸುವ ಒಳತಂತ್ರಾಂಶ, ಅಂದರೆ ಫರ್ಮ್‌ವೇರ್, ಪ್ರಿಂಟರಿನೊಳಗೆ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರ್ ಅದನ್ನು ಕಳಿಸಬೇಕು. ಆ ಕೆಲಸ ಮಾಡುವುದು ಪ್ಲಗಿನ್. ಅದನ್ನು ಹಾಕದೆ "ಲಿನಕ್ಸ್‌ನಲ್ಲಿ ಪ್ರಿಂಟ್ ಬರಲ್ಲ" ಎಂದು ಕೈಬಿಟ್ಟವರು ಬಹಳ. ಎಪ್ಸನ್ ಇಂಕ್ ಟ್ಯಾಂಕ್‌ಗಳಿಗೆ ಇಎಸ್‌ಸಿ/ಪಿ-ಆರ್ ಡ್ರೈವರ್, ಬ್ರದರ್‌ನ ಅನೇಕ ಕಪ್ಪು-ಬಿಳುಪು ಲೇಸರ್‌ಗಳಿಗೆ ಬಿಆರ್‌ಲೇಸರ್ ಡ್ರೈವರ್ ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ.

ಫೋನ್‌ಗೆ ಹೆಚ್ಚು ಹೇಳುವುದೇನಿಲ್ಲ. ಐಫೋನ್‌ನಲ್ಲಿ ಶೇರ್ ಒತ್ತಿ ಪ್ರಿಂಟ್ ಆರಿಸಿದರೆ ಏರ್‌ಪ್ರಿಂಟ್ ಪ್ರಿಂಟರ್ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರಿಂಟಿಂಗ್ ಎಂದು ಹುಡುಕಿ ಡೀಫಾಲ್ಟ್ ಪ್ರಿಂಟ್ ಸರ್ವಿಸ್ ಆನ್ ಇದೆಯೇ ನೋಡಿ. ಕಾಣದಿದ್ದರೆ ಮೋಪ್ರಿಯಾ ಆ್ಯಪ್ ಹಾಕಿಕೊಳ್ಳಿ. ಗೂಗಲ್ ಕ್ಲೌಡ್ ಪ್ರಿಂಟ್ ಬಗ್ಗೆ ಇನ್ನೂ ಯಾರಾದರೂ ಹೇಳಿದರೆ ಕಿವಿಗೊಡಬೇಡಿ, 2020ರ ಡಿಸೆಂಬರ್ 31ಕ್ಕೇ ಅದು ನಿಂತುಹೋಯಿತು.

ಯುಎಸ್‌ಬಿ ಮಾತ್ರ ಇರುವ ಹಳೆಯ ಪ್ರಿಂಟರ್‌ಗೆ ದಾರಿ

ನನಗೆ ತುಂಬ ಇಷ್ಟದ ಭಾಗ ಇದು. ಇದರಲ್ಲಿ ದುಡ್ಡೂ ಉಳಿಯುತ್ತದೆ, ಒಳ್ಳೆಯ ಯಂತ್ರವೂ ಗುಜರಿಗೆ ಹೋಗುವುದಿಲ್ಲ.

ಮೂಲೆಯಲ್ಲಿ ಬಿದ್ದಿರುವ ಒಂದು ಹಳೆಯ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತೆಗೆದುಕೊಳ್ಳಿ. ಅದಕ್ಕೆ ಲಿನಕ್ಸ್ ಹಾಕಿ. ಪ್ರಿಂಟರನ್ನು ಯುಎಸ್‌ಬಿಯಲ್ಲಿ ಅದಕ್ಕೆ ಜೋಡಿಸಿ, ಡ್ರೈವರ್ ಹಾಕಿ, ಟೆಸ್ಟ್ ಪೇಜ್ ಬರುವವರೆಗೆ ಮುಂದಕ್ಕೆ ಹೋಗಬೇಡಿ. ಈ ಕಂಪ್ಯೂಟರಿಗೂ ರೌಟರಿನಲ್ಲಿ ಖಾಯಂ ವಿಳಾಸ ಕೊಡಿ, 192.168.1.60 ಎಂದಿಟ್ಟುಕೊಳ್ಳೋಣ. ಈಗ ಅದೇ ಕಂಪ್ಯೂಟರಿನ ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಕೋಲನ್ ಹಾಕಿ 631 ಎಂದು ಹೊಡೆಯಿರಿ. ಕಪ್ಸ್ ಪುಟ ತೆರೆಯುತ್ತದೆ. ಅಡ್ಮಿನಿಸ್ಟ್ರೇಶನ್ ಟ್ಯಾಬ್‌ನಲ್ಲಿ ಈ ಕಂಪ್ಯೂಟರಿಗೆ ಜೋಡಿಸಿದ ಪ್ರಿಂಟರ್‌ಗಳನ್ನು ಹಂಚು ಎಂಬ ಶೇರ್ ಪ್ರಿಂಟರ್ಸ್ ಟಿಕ್ ಹಾಕಿ, ಚೇಂಜ್ ಸೆಟ್ಟಿಂಗ್ಸ್ ಒತ್ತಿ. ಆಮೇಲೆ ಪ್ರಿಂಟರ್ ಹೆಸರಿನ ಪುಟಕ್ಕೆ ಹೋಗಿ, ಮಾಡಿಫೈ ಪ್ರಿಂಟರ್‌ನಲ್ಲಿ ಶೇರ್ ದಿಸ್ ಪ್ರಿಂಟರ್ ಟಿಕ್ ಇದೆಯೇ ನೋಡಿ. ಎರಡು ಕಡೆಯೂ ಟಿಕ್ ಬೇಕು. ಒಂದನ್ನು ಮರೆತರೆ ಯಾರಿಗೂ ಕಾಣುವುದಿಲ್ಲ. ಫೈರ್‌ವಾಲ್ ಆನ್ ಇದ್ದರೆ ಟಿಸಿಪಿ 631, ಯುಡಿಪಿ 5353 ಬಾಗಿಲು ತೆರೆಯಿರಿ. ಪ್ರಿಂಟರಿಗೆ ಹೆಸರಿಡುವಾಗ ಜಾಗ ಬಿಡದೆ ಒಂದೇ ಇಂಗ್ಲಿಷ್ ಪದ ಇಡಿ, ವಿಳಾಸದಲ್ಲಿ ಅದೇ ಬರುತ್ತದೆ.

ಇಷ್ಟಾದರೆ ಮ್ಯಾಕ್‌ಗೂ ಇತರ ಲಿನಕ್ಸ್‌ಗಳಿಗೂ ಪ್ರಿಂಟರ್ ಸಾಮಾನ್ಯವಾಗಿ ತಾನೇ ಕಾಣಿಸುತ್ತದೆ. ಐಫೋನ್‌ಗೂ ಕಾಣುವುದುಂಟು. ಎಷ್ಟೋ ವರ್ಷ ಹಳೆಯ ಲೇಸರ್‌ಗೆ ಹೀಗೆ ಏರ್‌ಪ್ರಿಂಟ್ ಬಂದುಬಿಡುತ್ತದೆ! ವಿಂಡೋಸ್‌ನಲ್ಲಿ ಮಾತ್ರ ಕೈಯಾರೆ ಸೇರಿಸಬೇಕು. ಆಡ್ ಮ್ಯಾನ್ಯುಅಲಿ ಒತ್ತಿ, ಶೇರ್ಡ್ ಪ್ರಿಂಟರನ್ನು ಹೆಸರಿನಿಂದ ಆರಿಸುವ ಜಾಗದಲ್ಲಿ ಪೂರ್ತಿ ವಿಳಾಸ ಹಾಕಿ: ಮೊದಲು ಎಚ್‌ಟಿಟಿಪಿ, ಕೋಲನ್, ಎರಡು ಓರೆಗೆರೆ, ನಂತರ 192.168.1.60:631, ಓರೆಗೆರೆ, ಪ್ರಿಂಟರ್ಸ್ ಎಂಬ ಪದ, ಇನ್ನೊಂದು ಓರೆಗೆರೆ, ಕೊನೆಗೆ ನೀವಿಟ್ಟ ಹೆಸರು. ಎಲ್ಲ ಇಂಗ್ಲಿಷ್ ಸಣ್ಣಕ್ಷರ. ಹೆಸರಲ್ಲಿ ಮಾತ್ರ ದೊಡ್ಡಕ್ಷರ ಇಟ್ಟಿದ್ದರೆ ಹಾಗೇ ಹಾಕಿ. ಡ್ರೈವರ್ ಕೇಳಿದರೆ ಮೈಕ್ರೋಸಾಫ್ಟ್ ಪಟ್ಟಿಯಲ್ಲಿ ಪಿಎಸ್ ಕ್ಲಾಸ್ ಡ್ರೈವರ್ ಆರಿಸಿ. ನಿಮ್ಮ ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟ್ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ನಡುವೆ ಕೂತ ಕಪ್ಸ್ ಅದನ್ನು ಪ್ರಿಂಟರಿನ ಭಾಷೆಗೆ ಬದಲಾಯಿಸುತ್ತದೆ. ಸೇರಿಸಲು ಆಗದಿದ್ದರೆ ವಿಂಡೋಸ್ ಫೀಚರ್ಸ್‌ನಲ್ಲಿ ಇಂಟರ್ನೆಟ್ ಪ್ರಿಂಟಿಂಗ್ ಕ್ಲೈಂಟ್ ಆನ್ ಇದೆಯೇ ನೋಡಿ.

ಈ 631ನೇ ಬಾಗಿಲನ್ನು ರೌಟರಿನಲ್ಲಿ ಹೊರಗಿನ ಇಂಟರ್ನೆಟ್‌ಗೆ ಯಾವ ಕಾರಣಕ್ಕೂ ತೆರೆಯಬೇಡಿ. 2024ರ ಸೆಪ್ಟೆಂಬರಿನಲ್ಲಿ ಕಪ್ಸ್ ಬಳಗದ ತಂತ್ರಾಂಶಗಳಲ್ಲಿ ಗಂಭೀರ ಭದ್ರತಾ ದೋಷಗಳು ಹೊರಬಂದವು. ಅಪ್‌ಡೇಟ್‌ಗಳಲ್ಲಿ ಸರಿಮಾಡಿದ್ದಾರೆ. ಆದ್ದರಿಂದ ಮೂಲೆಯ ಆ ಕಂಪ್ಯೂಟರಿಗೂ ಅಪ್‌ಡೇಟ್ ತಪ್ಪಿಸಬೇಡಿ.

ಕ್ಯಾನನ್ ಎಲ್‌ಬಿಪಿ 2900 ಇರುವವರಿಗೆ ನೇರವಾಗಿ ಹೇಳುತ್ತೇನೆ: ಲಿನಕ್ಸ್‌ನಲ್ಲಿ ಇದು ಕಷ್ಟದ ಗಿರಾಕಿ. ಕ್ಯಾಪ್ಟ್ ಎಂಬ ಅದರ ಭಾಷೆಗೆ ಕ್ಯಾನನ್ ಕೊಟ್ಟ ಲಿನಕ್ಸ್ ಡ್ರೈವರ್ ಹಳೆಯದು, 32 ಬಿಟ್ ಲೈಬ್ರರಿಗಳನ್ನು ಬೇಡುತ್ತದೆ. ಪಳಗಿದವರು ನಡೆಸುತ್ತಾರೆ. ಕೆಲಸದ ಕಚೇರಿಯಲ್ಲಿ ಅದಕ್ಕೆ ತಲೆ ಕೊಡಬೇಡಿ. ಅದನ್ನು ವಿಂಡೋಸ್‌ಗೇ ಬಿಡಿ. ಆ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಉಳಿದವರು ಅಲ್ಲಿಗೆ ಪಿಡಿಎಫ್ ಹಾಕಲಿ. ವಿಂಡೋಸ್‌ನಿಂದ ವಿಂಡೋಸ್‌ಗೆ ಪ್ರಿಂಟರ್ ಶೇರ್ ಮಾಡುವುದೂ ಉಂಟು. ಆದರೆ 2021ರ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತಾ ದೋಷದ ನಂತರ ಮೈಕ್ರೋಸಾಫ್ಟ್ ಅದನ್ನು ಬಿಗಿ ಮಾಡಿತು. ಡ್ರೈವರ್ ಹಾಕಲು ಅಡ್ಮಿನ್ ಪಾಸ್‌ವರ್ಡ್ ಬೇಕು. 11ಬಿ ಎಂದು ಕೊನೆಯಾಗುವ ಎರರ್ ಬಂದರೆ ಎರಡೂ ಕಂಪ್ಯೂಟರುಗಳನ್ನು ಪೂರ್ತಿ ಅಪ್‌ಡೇಟ್ ಮಾಡಿ. ರಿಜಿಸ್ಟ್ರಿ ಬದಲಿಸಿ ಭದ್ರತೆಯನ್ನೇ ಆಫ್ ಮಾಡುವ ವಿಡಿಯೊಗಳನ್ನು ನಂಬಬೇಡಿ.

ಕನ್ನಡ ಅಕ್ಷರ, ಕಾಗದದ ಅಳತೆ

ಪ್ರಿಂಟರ್ ಸರಿಯಾಗಿ ಸೇರಿಕೊಂಡ ಮೇಲೂ ಕನ್ನಡ ಕಾಗದ ಕೆಡಬಹುದು. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಉಬುಂಟುವಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಯೂನಿಕೋಡ್‌ನಲ್ಲಿದ್ದರೆ ಓದಲು ಬರುತ್ತದೆ, ಆದರೆ ಪುಟ ಅಲುಗಾಡುತ್ತದೆ. ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಇದ್ದ ಜಾಗಕ್ಕೆ ಉಬುಂಟು ನೋಟೋ, ಲೋಹಿತ್ ಅಥವಾ ಗುಬ್ಬಿ ಹಾಕುತ್ತದೆ. ಅಕ್ಷರದ ಅಗಲ ಬೇರೆ, ಸಾಲು ಮುರಿಯುವ ಜಾಗ ಬೇರೆ. ಒಂದೇ ಪುಟದಲ್ಲಿ ಮುಗಿಯುತ್ತಿದ್ದ ಅರ್ಜಿಯ ಸಹಿಯ ಸಾಲು ಎರಡನೇ ಪುಟಕ್ಕೆ ಜಾರುತ್ತದೆ. ಪರಿಹಾರ ಸುಲಭ: ಟೈಪ್ ಮಾಡಿದ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ, ಪಿಡಿಎಫನ್ನೇ ಹಂಚಿ. ಫಾಂಟ್ ಅದರೊಳಗೇ ಸೇರಿರುತ್ತದೆ. ಪಿಡಿಎಫ್ ತೆರೆಯ ಮೇಲೆ ಚೆನ್ನಾಗಿದ್ದು ಕಾಗದದಲ್ಲಿ ಮಾತ್ರ ಒತ್ತಕ್ಷರ ಒಡೆದರೆ, ಅಡೋಬಿ ರೀಡರ್‌ನ ಪ್ರಿಂಟ್ ಕಿಟಕಿಯಲ್ಲಿ ಅಡ್ವಾನ್ಸ್‌ಡ್ ಒತ್ತಿ ಪ್ರಿಂಟ್ ಆ್ಯಸ್ ಇಮೇಜ್ ಟಿಕ್ ಹಾಕಿ. ಸ್ವಲ್ಪ ನಿಧಾನ, ಆದರೆ ಅಕ್ಷರ ಸರಿಯಾಗಿ ಬರುತ್ತದೆ.

ಇನ್ನೊಂದು ಅಳತೆಯದು. ಎ4 ಕಾಗದ 210×297 ಮಿಲಿಮೀಟರ್. ಅಮೆರಿಕದ ಲೆಟರ್ 216×279. ಎಷ್ಟೋ ತಂತ್ರಾಂಶಗಳಲ್ಲಿ ಮೊದಲೇ ಲೆಟರ್ ಎಂದಿರುತ್ತದೆ. ಹಾಗಾದಾಗ ಕೆಳಗಿನ ಸಾಲು ಹೋಗುತ್ತದೆ, ಇಲ್ಲವೇ ಪ್ರಿಂಟರ್ ದೀಪ ಮಿಟುಕಿಸುತ್ತಾ ಬೇರೆ ಕಾಗದ ಬೇಕು ಎಂದು ನಿಲ್ಲುತ್ತದೆ. ಎಲ್ಲ ಕಡೆಯೂ ಎ4 ಮಾಡಿ: ಪ್ರಿಂಟರಿನ ಸ್ವಂತ ಪುಟದಲ್ಲಿ, ಕಪ್ಸ್‌ನ ಸೆಟ್ ಡೀಫಾಲ್ಟ್ ಆಪ್ಷನ್ಸ್‌ನಲ್ಲಿ, ಮ್ಯಾಕ್‌ನ ಡೀಫಾಲ್ಟ್ ಪೇಪರ್ ಸೈಜ್‌ನಲ್ಲಿ, ವಿಂಡೋಸ್‌ನ ಪ್ರಿಂಟಿಂಗ್ ಡೀಫಾಲ್ಟ್ಸ್‌ನಲ್ಲಿ. ಕರಾರು ಪತ್ರ, ಅಫಿಡವಿಟ್‌ಗೆ ಲೀಗಲ್ ಕಾಗದ ಹಾಕುವವರು ಅದು 216×356 ಎಂಬುದನ್ನು ಫೈಲ್‌ನಲ್ಲೂ ಪ್ರಿಂಟ್ ಕಿಟಕಿಯಲ್ಲೂ ಆರಿಸಬೇಕು. ಇ-ಸ್ಟಾಂಪ್ ಹಾಳೆಗೆ ಪ್ರಿಂಟ್ ಕೊಡುವ ಮೊದಲು ಅದೇ ಅಳತೆಯ ಖಾಲಿ ಹಾಳೆಯಲ್ಲಿ ಒಮ್ಮೆ ತೆಗೆದು, ಎರಡನ್ನೂ ಜೋಡಿಸಿ ಬೆಳಕಿಗೆ ಹಿಡಿದು ನೋಡಿ. ಹಾಳೆ ಕೆಟ್ಟರೆ ಸ್ಟಾಂಪ್ ದುಡ್ಡೂ ಹೋಗುತ್ತದೆ, ಅಲ್ವಾ.

ನಿಂತುಹೋದಾಗ

ಮೊದಲು ಬ್ರೌಸರಿನಲ್ಲಿ ಪ್ರಿಂಟರ್ ವಿಳಾಸ ಹಾಕಿ. ಪುಟ ತೆರೆಯದಿದ್ದರೆ ತೊಂದರೆ ನೆಟ್‌ವರ್ಕ್‌ನದು, ಡ್ರೈವರ್ ಮುಟ್ಟಲೇಬೇಡಿ. ತೆರೆದರೆ ಸರದಿಯಲ್ಲಿ ಸಿಕ್ಕಿಬಿದ್ದ ಕೆಲಸ ನೋಡಿ. ವಿಂಡೋಸ್‌ನಲ್ಲಿ ಡಿಲೀಟ್ ಮಾಡಿದರೂ ಹೋಗದಿದ್ದರೆ ಸರ್ವಿಸಸ್‌ನಲ್ಲಿ ಸರದಿ ನೋಡಿಕೊಳ್ಳುವ ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ಸಿಸ್ಟಂ32 ಒಳಗಿನ ಸ್ಪೂಲ್ ಫೋಲ್ಡರಿನಲ್ಲಿ ಪ್ರಿಂಟರ್ಸ್ ಎಂಬುದನ್ನು ತೆರೆದು, ಅದರಲ್ಲಿರುವ ಫೈಲ್‌ಗಳನ್ನು ಮಾತ್ರ ಅಳಿಸಿ, ಸ್ಪೂಲರ್ ಮತ್ತೆ ಆನ್ ಮಾಡಿ. ಲಿನಕ್ಸ್‌ನಲ್ಲಿ ಒಂದು ಕೆಲಸ ಕೆಟ್ಟರೆ ಕಪ್ಸ್ ಕೆಲವೊಮ್ಮೆ ಪ್ರಿಂಟರನ್ನೇ ತಡೆದು ನಿಲ್ಲಿಸಿಬಿಡುತ್ತದೆ. ಕಪ್ಸ್ ಪುಟದಲ್ಲಿ ಪ್ರಿಂಟರ್ ತೆರೆದು ರೆಸ್ಯೂಮ್ ಒತ್ತಬೇಕು. ಮ್ಯಾಕ್‌ನಲ್ಲಿ ಏನೂ ದಾರಿ ಕಾಣದಾಗ ಕಂಟ್ರೋಲ್ ಕೀ ಹಿಡಿದು ಪ್ರಿಂಟರ್ ಪಟ್ಟಿಯ ಮೇಲೆ ಒತ್ತಿದರೆ ರೀಸೆಟ್ ಪ್ರಿಂಟಿಂಗ್ ಸಿಸ್ಟಂ ಸಿಗುತ್ತದೆ. ಅದು ಎಲ್ಲ ಪ್ರಿಂಟರ್‌ಗಳನ್ನೂ ತೆಗೆದುಹಾಕುತ್ತದೆ, ಮತ್ತೆ ಸೇರಿಸಿಕೊಳ್ಳಬೇಕು.

ಸ್ಕ್ಯಾನರ್ ಕೂಡ ಇರುವ ಪ್ರಿಂಟರ್ ಆದರೆ ಒಂದು ಮಾತು ಉಳಿದಿದೆ. ಏರ್‌ಪ್ರಿಂಟ್ ಇರುವ ಹೆಚ್ಚಿನವು ಇಎಸ್‌ಸಿಎಲ್ ಎಂಬ ದಾರಿಯಲ್ಲಿ ಡ್ರೈವರ್ ಇಲ್ಲದೆಯೇ ಸ್ಕ್ಯಾನ್ ಮಾಡುತ್ತವೆ. ಮ್ಯಾಕ್‌ನಲ್ಲಿ ಇಮೇಜ್ ಕ್ಯಾಪ್ಚರ್, ಉಬುಂಟುವಿನಲ್ಲಿ ಡಾಕ್ಯುಮೆಂಟ್ ಸ್ಕ್ಯಾನರ್, ವಿಂಡೋಸ್ 11ರಲ್ಲಿ ವಿಂಡೋಸ್ ಸ್ಕ್ಯಾನ್ ತೆರೆದು ನೋಡಿ. ಕಪ್ಸ್ ಮೂಲಕ ಹಂಚಿದ ಯುಎಸ್‌ಬಿ ಪ್ರಿಂಟರಿನ ಸ್ಕ್ಯಾನರ್ ಮಾತ್ರ ಹೀಗೆ ಬರುವುದಿಲ್ಲ. ಕಪ್ಸ್ ಹಂಚುವುದು ಪ್ರಿಂಟ್ ಕೆಲಸವನ್ನು ಮಾತ್ರ. ಸ್ಕ್ಯಾನ್ ಬೇಕಾದಾಗ ಕೇಬಲ್ ಇರುವ ಆ ಕಂಪ್ಯೂಟರಿನಲ್ಲೇ ತೆಗೆದು, ಫೈಲನ್ನು ಶೇರ್ ಫೋಲ್ಡರಿಗೆ ಹಾಕಿಕೊಳ್ಳಿ.